ಅಂಡಾಶಯದ ಹಗೇವು

ಹೆಣ್ಣು ಭ್ರೂಣಕ್ಕೆ ಐದು ತಿಂಗಳು ತುಂಬುವ ಹೊತ್ತಿಗೆ ಅದರ ಎರಡೂ ಅಂಡಾಶಯಗಳಲ್ಲಿ ಸೇರಿ ಸುಮಾರು 70 ಲಕ್ಷ ಅಂಡಾಣು ಕೋಶಗಳು ತುಂಬಿಕೊಂಡಿರುತ್ತವೆ. ಕೂಸು ಇನ್ನೂ ತಾಯಿಯ ಹೊಟ್ಟೆಯೊಳಗಿದೆ, ಕಣ್ಣು ಬಿಟ್ಟಿಲ್ಲ. ಆದರೆ ಅದರ ಪಾಲಿನ ಅಂಡಾಣುಗಳ ಲೆಕ್ಕ ಅಲ್ಲಿಗೇ ತುತ್ತತುದಿ ಮುಟ್ಟಿ ಇಳಿಜಾರು ಹಿಡಿಯುತ್ತದೆ. ಹುಟ್ಟುವಾಗ ಉಳಿಯುವುದು 10ರಿಂದ 20 ಲಕ್ಷ. ಮೈನೆರೆಯುವಾಗ 3ರಿಂದ 4 ಲಕ್ಷ. ಮುಟ್ಟು ಪೂರ್ತಿ ನಿಲ್ಲುವಾಗ ಹೆಚ್ಚುಕಡಿಮೆ ಒಂದು ಸಾವಿರ. ಇಷ್ಟರಲ್ಲಿ ತಿಂಗಳಿಗೊಂದರಂತೆ ಅಂಡಾಶಯದಿಂದ ಹೊರಬಿದ್ದು ಗರ್ಭ ಕಟ್ಟುವ ಅವಕಾಶ ಪಡೆಯುವವು 400–500 ಮಾತ್ರ. ಮಿಕ್ಕ ಲಕ್ಷಾಂತರ ಅಂಡಾಣುಗಳು ಯಾರ ಕಣ್ಣಿಗೂ ಬೀಳದೆ, ಯಾವ ನೋವನ್ನೂ ಕೊಡದೆ ಕರಗಿ ಹೋಗುತ್ತವೆ.

ಯಾವ ಅಂಡಾಣು ಈ ತಿಂಗಳು ಏಳಬೇಕು, ಯಾವುದು ಇನ್ನೂ ಮೂವತ್ತು ವರ್ಷ ಮಲಗಿರಬೇಕು ಎಂದು ತೀರ್ಮಾನಿಸುವವರು ಯಾರು? ಹೆಣ್ಣಿನ ಸಂತಾನಶಕ್ತಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ನಿಂತಿರುವುದು ಈ ಪ್ರಶ್ನೆಯ ಮೇಲೆ. ಉತ್ತರದ ಎಳೆಗಳು ಕೈಗೆ ಸಿಕ್ಕಿದ್ದು ಈ ಶತಮಾನದಲ್ಲಿ. ಸಿಕ್ಕಿದ್ದು ಪೂರ್ತಿ ಅರ್ಥವಾಗುವ ಮೊದಲೇ ಅದರ ಹೆಸರಿನಲ್ಲಿ ವ್ಯಾಪಾರವೂ ಶುರುವಾಗಿದೆ. ಆ ಮಾತಿಗೆ ಆಮೇಲೆ ಬರೋಣ.

ಮೊದಲು ಮಲಗಿರುವ ಅಂಡಾಣು ಹೇಗಿರುತ್ತದೆಂದು ನೋಡಬೇಕು. ಅಂಡಾಶಯದ ಹೊರ ಅಂಚಿನ ಪದರದಿಂದ ತೆಳುವಾದ ಒಂದು ಸೀಳು ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನಾರುನಾರಾದ ಅಂಗಾಂಶದ ನಡುವೆ ಅಲ್ಲಲ್ಲಿ ದುಂಡನೆಯ ಕೋಶಗಳು ಕಾಣುತ್ತವೆ. ಒಂದೊಂದರ ಅಡ್ಡಳತೆ ಮಿಲಿಮೀಟರಿನ ಮೂವತ್ತರಲ್ಲಿ ಒಂದು ಪಾಲು. ಪ್ರತಿಯೊಂದನ್ನೂ ಚಪ್ಪಟೆಯಾದ ಕೆಲವೇ ಕೋಶಗಳ ಒಂಟಿ ಸಾಲು ಸುತ್ತುವರಿದಿರುತ್ತದೆ. ಅಂಡಾಣು ಮತ್ತು ಈ ಸುತ್ತುಗೋಡೆ ಎರಡೂ ಸೇರಿ ಆದಿಮ ಫಾಲಿಕಲ್. ಸ್ಕ್ಯಾನಿಂಗ್ ಕೋಣೆಯಲ್ಲಿ ವೈದ್ಯರು ಎಣಿಸುವ ಫಾಲಿಕಲ್‌ಗಳು ಇವಲ್ಲ. ಅವು ಎದ್ದು, ಎಷ್ಟೋ ತಿಂಗಳು ಬೆಳೆದು, ಒಳಗೆ ನೀರು ತುಂಬಿಕೊಂಡ ಮೇಲಿನ ರೂಪ. ಮಲಗಿರುವ ಫಾಲಿಕಲ್ಲನ್ನು ತೋರಿಸುವ ಸ್ಕ್ಯಾನ್ ಇಲ್ಲ, ಎಣಿಸುವ ರಕ್ತಪರೀಕ್ಷೆಯೂ ಇಲ್ಲ.

ಅದು ಎಚ್ಚೆತ್ತಿದ್ದಕ್ಕೆ ಮೊದಲ ಗುರುತು ಬಹಳ ಸಣ್ಣದು. ಸುತ್ತಲಿನ ಚಪ್ಪಟೆ ಕೋಶಗಳು ಉಬ್ಬಿ ಚೌಕಾಕಾರಕ್ಕೆ ಬರುತ್ತವೆ. ನಂತರ ಅವು ಒಂದು ಸಾಲು ಹೋಗಿ ಎರಡಾಗಿ, ನಾಲ್ಕಾಗಿ ಹೆಚ್ಚುತ್ತವೆ. ಅಂಡಾಣು ಮೂರು ಪಟ್ಟಿಗಿಂತ ಹೆಚ್ಚು ದಪ್ಪವಾಗುತ್ತದೆ. ಒಡೆಯುವ ಮುನ್ನ ಇಡೀ ಫಾಲಿಕಲ್ ಎರಡು ಸೆಂಟಿಮೀಟರ್ ಮುಟ್ಟಿರುತ್ತದೆ. ಈ ಪಯಣದ ಕೊನೆಯ ಹಂತವೊಂದಕ್ಕೇ 85 ದಿನಗಳ ಹತ್ತಿರ ಬೇಕು; ಒಟ್ಟು ಲೆಕ್ಕ ಅರ್ಧ ವರ್ಷವನ್ನೂ ಮೀರುತ್ತದೆ. ಯುಗಾದಿಗೆ ಹೊರಬೀಳುವ ಅಂಡಾಣು ಗಣೇಶನ ಹಬ್ಬಕ್ಕೆ ಮೊದಲೇ ಎದ್ದಿರಬೇಕು.

ಉತ್ತರ ಕರ್ನಾಟಕದ ಹಗೇವನ್ನು ನೋಡಿದವರಿಗೆ ಈ ವ್ಯವಸ್ಥೆ ಬೇಗ ಅರ್ಥವಾಗುತ್ತದೆ. ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತದೆ. ಒಳಗಿನ ಉಸಿರುಗಾಳಿ ಮುಗಿದುಹೋಗಿರುವುದರಿಂದ ಹುಳ ಬದುಕುವುದಿಲ್ಲ. ಹಗೇವು ತೆಗೆದಾಗ ಗಾಳಿ ಆಡಲು ಬಿಡದೆ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಒಮ್ಮೆ ತೆಗೆದ ಮೇಲೆ ಕಾಳನ್ನು ಬಳಸಲೇಬೇಕು, ಮೊದಲಿನಂತೆ ಮುಚ್ಚಿಡಲಾಗದು. ಅಂಡಾಣುವೂ ಹಾಗೆ: ಎದ್ದರೆ ಮತ್ತೆ ಮಲಗುವುದಿಲ್ಲ. ಮುಂದಕ್ಕೆ ಬೆಳೆಯಬೇಕು, ಇಲ್ಲವೇ ಸಾಯಬೇಕು. ಉಸಿರುಗಾಳಿಯ ಮಾತೂ ಇಲ್ಲಿ ಬರೀ ಹೋಲಿಕೆಯಾಗಿ ಉಳಿಯುವುದಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಏಳುವ ಕೆಲಸ ನಿಲ್ಲುವುದೇ ಇಲ್ಲ. ಹುಡುಗಿ ಮೈನೆರೆಯುವ ಮೊದಲೂ ನಡೆಯುತ್ತಿರುತ್ತದೆ, ಬಸುರಿಯಿದ್ದಾಗಲೂ ನಡೆಯುತ್ತದೆ, ಗರ್ಭನಿರೋಧಕ ಮಾತ್ರೆ ನುಂಗುವಾಗಲೂ ನಡೆಯುತ್ತದೆ. ಸ್ಕಾಟ್ಲೆಂಡಿನ ಹ್ಯಾಮಿಶ್ ವಾಲೆಸ್ ಮತ್ತು ಟಾಮ್ ಕೆಲ್ಸಿ 2010ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ ಹದಿನಾಲ್ಕನೇ ವಯಸ್ಸಿನ ಸುಮಾರಿಗೆ ತಿಂಗಳಿಗೆ ಸರಾಸರಿ 880 ಫಾಲಿಕಲ್‌ಗಳು ಏಳುತ್ತವೆ. ಆಮೇಲೆ ವೇಗ ಇಳಿಯುತ್ತದೆ. ಮೂವತ್ತು ತುಂಬುವಾಗ ಬಹುಪಾಲು ಹೆಂಗಸರಲ್ಲಿ ಮೂಲ ದಾಸ್ತಾನಿನ ಶೇಕಡಾ 12ರಷ್ಟು ಉಳಿದಿರುತ್ತದೆ, ನಲವತ್ತಕ್ಕೆ ಶೇಕಡಾ 3. ಅದೇ ಅಧ್ಯಯನದ ಇನ್ನೊಂದು ಅಂಶ ಪತ್ರಿಕೆಗಳಲ್ಲಿ ಅಷ್ಟಾಗಿ ಬರುವುದಿಲ್ಲ: ಹುಟ್ಟುವಾಗ ಒಂದು ಅಂಡಾಶಯದಲ್ಲಿರುವ ದಾಸ್ತಾನು ಒಬ್ಬಳಲ್ಲಿ 35 ಸಾವಿರ ಇದ್ದರೆ ಇನ್ನೊಬ್ಬಳಲ್ಲಿ 25 ಲಕ್ಷದವರೆಗೂ ಇರಬಹುದು. ಸರಾಸರಿ ಎಂಬ ಅಂಕಿಗೆ ಒಬ್ಬ ಹೆಣ್ಣಿನ ಪಾಲಿಗೆ ಎಷ್ಟು ಬೆಲೆ ಎಂಬುದನ್ನು ಇದರಿಂದಲೇ ಊಹಿಸಬಹುದು.

ಹಾಗಾದರೆ ಐವಿಎಫ್ ಚುಚ್ಚುಮದ್ದು ತೆಗೆದುಕೊಂಡರೆ, ಅಂಡಾಣು ದಾನ ಮಾಡಿದರೆ ದಾಸ್ತಾನು ಬೇಗ ಬರಿದಾಗುವುದಿಲ್ಲವೇ? ಇದು ಎಷ್ಟೋ ಮನೆಗಳಲ್ಲಿ ಅತ್ತೆ-ಸೊಸೆ ಇಬ್ಬರಿಗೂ ಇರುವ ಅಂಜಿಕೆ. ಇಲ್ಲ. ಚುಚ್ಚುಮದ್ದು ಮಲಗಿರುವವುಗಳ ತಂಟೆಗೆ ಹೋಗುವುದಿಲ್ಲ. ತಿಂಗಳುಗಳ ಹಿಂದೆಯೇ ಎದ್ದು, ಆ ತಿಂಗಳು ಹೇಗಿದ್ದರೂ ಸಾಯಲಿದ್ದ ಹತ್ತಾರು ಫಾಲಿಕಲ್‌ಗಳನ್ನು ಅದು ಬದುಕಿಸಿ ಬೆಳೆಸುತ್ತದೆ, ಅಷ್ಟೆ.

ದಾಸ್ತಾನು ಹುಟ್ಟಿನೊಂದಿಗೇ ಬಂದದ್ದು, ಆಮೇಲೆ ಒಂದೂ ಸೇರುವುದಿಲ್ಲ ಎಂಬ ಮಾತು ಹಳೆಯದು. ಸಸ್ತನಿಯ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ವಾನ್ ಬೇರ್ ನಾಯಿಯೊಂದರಲ್ಲಿ ಗುರುತಿಸಿದ್ದು 1827ರಲ್ಲಿ. ಜರ್ಮನಿಯ ವಾಲ್ಡೆಯರ್ 1870ರಲ್ಲಿ ದಾಸ್ತಾನು ಸೀಮಿತ ಎಂದ. 1951ರಲ್ಲಿ ಬ್ರಿಟನ್ನಿನ ಸಾಲಿ ಜುಕರ್‌ಮನ್ ಅಷ್ಟೂ ಸಾಕ್ಷ್ಯ ಕಲೆಹಾಕಿ ಅದನ್ನು ಸಿದ್ಧಾಂತವಾಗಿಸಿದ. 2004ರಲ್ಲಿ ಬಾಸ್ಟನ್ನಿನ ಜೊನಾಥನ್ ಟಿಲಿ ತಂಡ, ಇಲಿಯ ಅಂಡಾಶಯದಲ್ಲಿ ಹೊಸ ಅಂಡಾಣು ಹುಟ್ಟಿಸುವ ಕಾಂಡಕೋಶಗಳಿವೆ ಎಂದು ಹೇಳಿ ದೊಡ್ಡ ಗದ್ದಲವೆಬ್ಬಿಸಿತು. ಸ್ವೀಡನ್ನಿನ ಕೆರೋಲಿನ್‌ಸ್ಕಾ ಸಂಸ್ಥೆಯವರು 2020ರಲ್ಲಿ ಮನುಷ್ಯರ ಅಂಡಾಶಯದ ಹೊರಪದರದ ಸಾವಿರಾರು ಕೋಶಗಳನ್ನು ಒಂದೊಂದಾಗಿ ಜಾಲಾಡಿ ನೋಡಿದರು. ಅಂಥ ಕಾಂಡಕೋಶ ಸಿಗಲಿಲ್ಲ. ಚರ್ಚೆ ಪೂರ್ತಿ ಮುಗಿದಿಲ್ಲ, ಆದರೆ ತಕ್ಕಡಿ ಜುಕರ್‌ಮನ್ ಕಡೆಗೇ ವಾಲಿದೆ.

ಇಪ್ಪತ್ತನೇ ಶತಮಾನವೆಲ್ಲ ಸಂತಾನ ವಿಜ್ಞಾನದ ಗಮನ ಇದ್ದದ್ದು ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಅಂಥ ಹಾರ್ಮೋನುಗಳ ಕುರಿತು ಪ್ರತಿಕಾಯಗಳನ್ನು ಬಳಸಿ ಮಾಡಿದ ಕೆಲಸ ಆ ಪರಂಪರೆಯದು. ಆದರೆ ಎಫ್‌ಎಸ್‌ಎಚ್ ಕೈ ಹಾಕುವುದು ಎದ್ದು ಬೆಳೆದ ಫಾಲಿಕಲ್‌ಗೆ. ಮಲಗಿರುವುದಕ್ಕೆ ಅದರ ಮಾತು ಕೇಳಿಸುವುದೇ ಇಲ್ಲ. ಮೊದಲ ಎಚ್ಚರದ ಗುಟ್ಟು ಅಂಡಾಶಯದ ಒಳಗೇ ಇತ್ತು. ಅದು ಬಯಲಾದದ್ದು ಕ್ಯಾನ್ಸರ್ ಸಂಶೋಧಕರ ಕೈಯಲ್ಲಿ.

2003ರಲ್ಲಿ ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿ ಡಿಯೆಗೊ ಕ್ಯಾಸ್ಟ್ರಿಯಾನ್, ರೊನಾಲ್ಡ್ ಡಿಪಿನೊ ಮತ್ತು ಸಂಗಡಿಗರು ಫಾಕ್ಸೊ3 ಎಂಬ ಜೀನ್ ಇಲ್ಲದ ಇಲಿಗಳನ್ನು ಸಿದ್ಧಪಡಿಸಿದರು. ಹೊರನೋಟಕ್ಕೆ ಇಲಿಗಳು ಗಟ್ಟಿಮುಟ್ಟಾಗಿದ್ದವು. ಹೆಣ್ಣಿಲಿಗಳು ಮೊದಲು ಮರಿ ಹಾಕಿದವು, ಆಮೇಲೆ ನಿಂತುಹೋದವು. ಹದಿನೈದು ವಾರ ತುಂಬುವಷ್ಟರಲ್ಲಿ ಅವಕ್ಕೆ ಮರಿ ಹಾಕುವ ಶಕ್ತಿಯೇ ಇರಲಿಲ್ಲ. ಒಳಗೆ ನೋಡಿದರೆ, ಹುಟ್ಟಿದ ಎರಡು ವಾರದೊಳಗೇ ಮಲಗಿದ್ದ ಫಾಲಿಕಲ್‌ಗಳೆಲ್ಲ ಒಟ್ಟಿಗೆ ಎದ್ದುಬಿಟ್ಟಿದ್ದವು. ಜೀವಮಾನವಿಡೀ ಸ್ವಲ್ಪಸ್ವಲ್ಪವಾಗಿ ಖರ್ಚಾಗಬೇಕಿದ್ದದ್ದು ಬಾಲ್ಯದಲ್ಲೇ ತೀರಿತ್ತು.

ಐದು ವರ್ಷದ ನಂತರ ಸ್ವೀಡನ್ನಿನ ಉಮೆಯೊ ವಿಶ್ವವಿದ್ಯಾಲಯದಿಂದ ಪ್ರದೀಪ್ ರೆಡ್ಡಿ, ಕುಯಿ ಲಿಯು ಮತ್ತಿತರರ ಪ್ರಬಂಧ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಇವರು ತೆಗೆದದ್ದು ಪಿಟೆನ್ ಎಂಬ ಜೀನನ್ನು. ಅದೂ ಇಡೀ ದೇಹದಿಂದಲ್ಲ, ಅಂಡಾಣುವಿನಿಂದ ಮಾತ್ರ. ಪಿಟೆನ್ ಗಡ್ಡೆ ಬೆಳೆಯದಂತೆ ತಡೆಯುವ ಜೀನ್ ಎಂದು 1997ರಿಂದಲೇ ಕ್ಯಾನ್ಸರ್ ವಿಭಾಗಗಳಲ್ಲಿ ಮನೆಮಾತು. ಇಲ್ಲಿಯೂ ಅದೇ ಕಥೆ: ಎಲ್ಲ ಫಾಲಿಕಲ್‌ಗಳೂ ಎದ್ದವು, ಇಲಿ ಹರೆಯದಲ್ಲೇ ಬರಡಾಯಿತು.

ಎರಡನ್ನೂ ಕೂಡಿಸಿದರೆ ಸರಪಳಿ ಕಾಣುತ್ತದೆ. ಸುತ್ತಲಿನ ಕೋಶಗಳು ಕಿಟ್ ಲೈಗ್ಯಾಂಡ್ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅಂಡಾಣುವಿನ ಮೈಮೇಲಿನ ಕಿಟ್ ಗ್ರಾಹಕ ಅದನ್ನು ಹಿಡಿಯುತ್ತದೆ. ಒಳಗೆ ಪಿಐ3ಕೆ ಎಂಬ ಕಿಣ್ವ ಚುರುಕಾಗುತ್ತದೆ, ಅದು ಆ್ಯಕ್ಟ್ ಎಂಬ ಇನ್ನೊಂದು ಕಿಣ್ವವನ್ನು ಕೆಲಸಕ್ಕೆ ಹಚ್ಚುತ್ತದೆ. ಮಲಗಿರುವ ಅಂಡಾಣುವಿನಲ್ಲಿ ಫಾಕ್ಸೊ3 ಪ್ರೋಟೀನು ಕೋಶಕೇಂದ್ರದೊಳಗೆ ಡಿಎನ್‌ಎ ಮೇಲೆ ಕೂತು ಬೆಳವಣಿಗೆಯನ್ನು ಅದುಮಿಟ್ಟಿರುತ್ತದೆ. ಆ್ಯಕ್ಟ್ ಬಂದು ಅದಕ್ಕೊಂದು ಫಾಸ್ಫೇಟ್ ಅಂಟಿಸಿದ ಕೂಡಲೇ ಅದನ್ನು ಕೇಂದ್ರದಿಂದ ಆಚೆ ದಬ್ಬಲಾಗುತ್ತದೆ. ಅಲ್ಲಿಗೆ ನಿದ್ದೆ ಮುಗಿಯಿತು. ಪಿಟೆನ್ ಮಾಡುವುದು ಪಿಐ3ಕೆ ಮಾಡಿದ್ದನ್ನು ಅಳಿಸುವ ಕೆಲಸ. ಇದಕ್ಕೆ ಸಮಾನಾಂತರವಾಗಿ ಎಂಟಾರ್ ಎಂಬ ಮತ್ತೊಂದು ದಾರಿಯಿದೆ, ಅದನ್ನು ತಡೆಯುವ ಟಿಎಸ್‌ಸಿ ಎಂಬ ಜೋಡಿ ಜೀನುಗಳಿವೆ. ಹೆಸರುಗಳನ್ನು ಓದುಗರು ಇಲ್ಲಿಯೇ ಮರೆತರೂ ನಷ್ಟವಿಲ್ಲ.

ಮರೆಯಬಾರದ್ದು ಒಂದಿದೆ. ಈ ಪ್ರಯೋಗಗಳಲ್ಲಿ ಯಾರೂ ಅಂಡಾಣುವನ್ನು ಎಬ್ಬಿಸಲಿಲ್ಲ. ತಡೆಯನ್ನು ತೆಗೆದರು, ಅದು ತಾನಾಗಿ ಎದ್ದಿತು. ನಿದ್ದೆ ಎಂದರೆ ಏನೂ ನಡೆಯದಿರುವುದು ಎಂದು ನಾವು ತಿಳಿಯುತ್ತೇವೆ. ಅಂಡಾಣುವಿನ ಮಟ್ಟಿಗೆ ಏಳುವುದೇ ಸಹಜ ಪ್ರವೃತ್ತಿ. ಮಲಗಿರುವುದಕ್ಕೆ ಹಗಲಿರುಳು ಕೆಲಸ ನಡೆಯಬೇಕು. ಪಿಟೆನ್, ಫಾಕ್ಸೊ3, ಟಿಎಸ್‌ಸಿ, ಪಿ27 ಎಂದು ಬ್ರೇಕುಗಳು ಹಲವು. ವಿಚಿತ್ರವೆಂದರೆ ಒಂದು ಕೆಟ್ಟರೆ ಇನ್ನೊಂದು ಹಿಡಿದುಕೊಳ್ಳುವುದಿಲ್ಲ. ಯಾವುದೊಂದು ಹೋದರೂ ದಾಸ್ತಾನು ಹೊತ್ತಿಗೆ ಮುಂಚೆ ಖಾಲಿಯಾಗುತ್ತದೆ.

ಹಾಗಾದರೆ ಸಹಜವಾಗಿ ತಡೆ ಸಡಿಲಿಸುವವರು ಯಾರು? 2014ರಲ್ಲಿ ಲಿಯು ತಂಡವೇ ತೋರಿಸಿತು: ಆ ಚಪ್ಪಟೆ ಕೋಶಗಳು. ಅವುಗಳಲ್ಲಿ ಎಂಟಾರ್ ಚುರುಕಾದಾಗ ಕಿಟ್ ಲೈಗ್ಯಾಂಡ್ ಹೆಚ್ಚುತ್ತದೆ, ಆಮೇಲೆ ಅಂಡಾಣು ಏಳುತ್ತದೆ. ಅಂಡಾಣುವನ್ನು ರಾಣಿಯಂತೆ, ಸುತ್ತಲಿನವನ್ನು ಊಳಿಗದವರಂತೆ ಚಿತ್ರಿಸುತ್ತಿದ್ದ ಪಠ್ಯಗಳು ಇಲ್ಲಿ ತಲೆಕೆಳಗಾಗುತ್ತವೆ. ಹೊಟ್ಟೆಗೆ ಆಹಾರ ಸಾಕಷ್ಟಿದೆಯೇ, ಬೆಳವಣಿಗೆಗೆ ಕಾಲ ಸರಿಯಿದೆಯೇ ಎಂಬ ಸುದ್ದಿ ಮುಟ್ಟುವುದು ಮೊದಲು ಊಳಿಗದವರಿಗೆ.

ಈ ಕೋಶಗಳ ಮಹತ್ವಕ್ಕೆ ಮನುಷ್ಯರಲ್ಲೇ ಒಂದು ಸಾಕ್ಷಿಯಿದೆ. ಹುಟ್ಟಿನಿಂದಲೇ ಕಣ್ಣಿನ ರೆಪ್ಪೆಗಳು ಕಿರಿದಾಗಿ, ಜೋತುಬಿದ್ದಂತಿರುವ ಅಪರೂಪದ ಆನುವಂಶಿಕ ಲಕ್ಷಣವೊಂದಿದೆ. ಅಂಥ ಕೆಲವು ಕುಟುಂಬಗಳ ಹೆಣ್ಣುಮಕ್ಕಳಲ್ಲಿ ಚಿಕ್ಕ ವಯಸ್ಸಿನಲ್ಲೇ ಮುಟ್ಟು ನಿಲ್ಲುತ್ತಿತ್ತು. ರೆಪ್ಪೆಗೂ ಅಂಡಾಶಯಕ್ಕೂ ಎತ್ತಣ ಸಂಬಂಧ? 2001ರಲ್ಲಿ ಫಾಕ್ಸ್‌ಎಲ್2 ಎಂಬ ಜೀನ್ ಸಿಕ್ಕಿತು. ರೆಪ್ಪೆ ರೂಪುಗೊಳ್ಳಲು ಅದು ಬೇಕು, ಅಂಡಾಣುವಿನ ಸುತ್ತಲಿನ ಕೋಶಗಳು ತಮ್ಮ ಕೆಲಸ ಮಾಡಲೂ ಅದೇ ಬೇಕು. ಅದಿಲ್ಲದ ಇಲಿಗಳಲ್ಲಿ ಚಪ್ಪಟೆ ಕೋಶಗಳು ಚೌಕವಾಗುವುದಿಲ್ಲ. ಅಂಡಾಣುಗಳು ಮಾತ್ರ ಎದ್ದು, ಆಸರೆಯಿಲ್ಲದೆ ಸಾಯುತ್ತವೆ.

ಜೀನು, ಕಿಣ್ವಗಳ ಲೆಕ್ಕ ಇಷ್ಟಾದರೆ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದಲ್ಲಿ ಗೋ ನಾಗಮತ್ಸು, ಕತ್ಸುಹಿಕೊ ಹಯಾಶಿ ಕಂಡದ್ದು ಬೇರೆಯೇ. 2019ರ ಅವರ ವರದಿಯಂತೆ, ಮಲಗಿರುವ ಇಲಿಯ ಅಂಡಾಣುವಿನಲ್ಲಿ ಕೋಶಕೇಂದ್ರ ಸುಮ್ಮನೆ ಕೂತಿರುವುದಿಲ್ಲ, ಮೆಲ್ಲಗೆ ಗಿರಗಿರನೆ ತಿರುಗುತ್ತಿರುತ್ತದೆ. ಸುತ್ತಲಿನ ಬಿಗಿಯಾದ ಅಂಗಾಂಶ ಅಂಡಾಣುವನ್ನು ಒತ್ತುತ್ತಿರುವವರೆಗೂ ಈ ತಿರುಗಾಟ ನಡೆಯುತ್ತದೆ. ಆ ಬಿಗಿಯನ್ನು ಕಿಣ್ವ ಹಾಕಿ ಸಡಿಲಿಸಿದರೆ ತಿರುಗಾಟ ನಿಂತು, ಫಾಕ್ಸೊ3 ಆಚೆ ಬಂದು, ಅಂಡಾಣು ಏಳುತ್ತದೆ. ಹೊರಗಿನಿಂದ ಮತ್ತೆ ಒತ್ತಡ ಹಾಕಿದರೆ ನಿದ್ದೆ ಉಳಿಯುತ್ತದೆ. ಅದೇ ಗುಂಪು ಅದೇ ವರ್ಷ, ಪ್ರಯೋಗಾಲಯದಲ್ಲಿ ಅಂಡಾಣುವನ್ನು ಮಲಗಿಸಲು ಆಮ್ಲಜನಕ ಕಡಿಮೆಯಿರಬೇಕು ಎಂದೂ ತೋರಿಸಿತು. 2022ರಲ್ಲಿ ಬಾರ್ಸಿಲೋನಾದ ಎಲ್ವಾನ್ ಬೋಕೆ ತಂಡ ಇನ್ನೂ ಮುಂದೆ ಹೋಯಿತು: ಮನುಷ್ಯರ ಮತ್ತು ಕಪ್ಪೆಯ ಎಳೆಯ ಅಂಡಾಣುಗಳಲ್ಲಿ ಮೈಟೊಕಾಂಡ್ರಿಯಾದ ಉಸಿರಾಟ ಯಂತ್ರದ ಮೊದಲ ಭಾಗವಾದ ‘ಕಾಂಪ್ಲೆಕ್ಸ್ 1’ ಇಲ್ಲವೇ ಇಲ್ಲ. ಕೋಶವನ್ನು ಒಳಗಿನಿಂದ ಸವೆಸುವ ಆಮ್ಲಜನಕದ ವಿಷಕಣಗಳು ಹೆಚ್ಚಾಗಿ ಹುಟ್ಟುವ ಜಾಗಗಳಲ್ಲಿ ಅದೂ ಒಂದು. ನಲವತ್ತು ವರ್ಷ ಕೆಡದೆ ಇರಬೇಕಾದ ಕೋಶ ಅದನ್ನು ಕಳಚಿಟ್ಟು ಬದುಕುತ್ತದೆ. ಬಾಯಿ ಮುಚ್ಚಿದ ಹಗೇವಿನ ಜೋಳ ಕೆಡದಿರುವುದೂ ಉಸಿರುಗಾಳಿ ಇಲ್ಲದ್ದರಿಂದಲೇ.

ಬಿಗಿ ಸಡಿಲಿಸಿದರೆ ಫಾಲಿಕಲ್ ಬೆಳೆಯುತ್ತದೆ ಎಂಬುದು ಶಸ್ತ್ರವೈದ್ಯರಿಗೆ ಕಾರಣ ತಿಳಿಯದೆಯೇ ಗೊತ್ತಿದ್ದ ಸಂಗತಿ. ಈಗ ಪಿಸಿಓಎಸ್ ಎಂದು ಮನೆಮನೆಯಲ್ಲಿ ಕೇಳಿಬರುವ ತೊಂದರೆಯನ್ನು 1935ರಲ್ಲಿ ವಿವರಿಸಿದ ಶಿಕಾಗೊದ ಸ್ಟೈನ್ ಮತ್ತು ಲೆವೆಂಥಾಲ್ ಅದಕ್ಕೆ ಮಾಡಿದ ಚಿಕಿತ್ಸೆಯೆಂದರೆ ಅಂಡಾಶಯದ ಒಂದು ಹೋಳನ್ನು ಕತ್ತರಿಸಿ ತೆಗೆಯುವುದು. ನಿಂತಿದ್ದ ಮುಟ್ಟು ಮರಳಿತು, ಕೆಲವರು ಬಸುರಾದರು. ಯಾಕೆ ಎಂಬುದಕ್ಕೆ ಸಮಾಧಾನಕರ ಉತ್ತರ ಸಿಗಲು ಮುಕ್ಕಾಲು ಶತಮಾನ ಹಿಡಿಯಿತು, ಅದೂ ಹಣ್ಣಿನ ನೊಣದಿಂದ. ನೊಣದಲ್ಲಿ ಒಂದು ಜೀನ್ ಕೆಟ್ಟರೆ ತಲೆ ಊದಿಕೊಂಡು ನೀರುಕುದುರೆಯ ತಲೆಯಂತೆ ಕಾಣುತ್ತದೆ. ಅದಕ್ಕೇ ಆ ಜೀನಿಗೂ ಅದರ ಸರಪಳಿಗೂ ‘ಹಿಪ್ಪೊ’ ಎಂದು ಹೆಸರಿಟ್ಟರು. ಕೋಶಗಳು ಒತ್ತಾಗಿರುವಾಗ ಹಿಪ್ಪೊ ಅವುಗಳ ಬೆಳವಣಿಗೆಯನ್ನು ತಡೆದಿರುತ್ತದೆ. ಅಂಗಾಂಶವನ್ನು ಕತ್ತರಿಸಿದರೆ ತಡೆ ಕಳಚುತ್ತದೆ.

ಟೋಕಿಯೊ ಪಕ್ಕದ ಕವಾಸಾಕಿಯ ಸೇಂಟ್ ಮರಿಯಾನಾ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಕಜುಹಿರೊ ಕವಾಮುರ, ಸ್ಟ್ಯಾನ್‌ಫರ್ಡಿನ ಆರನ್ ಶುಯೆಹ್ ಜೊತೆಗೂಡಿ ಆ್ಯಕ್ಟ್ ಮತ್ತು ಹಿಪ್ಪೊ ಎಂಬ ಎರಡೂ ಎಳೆಗಳನ್ನು ಹೆಣೆದರು. ನಲವತ್ತಕ್ಕೆ ಮೊದಲೇ ಅಂಡಾಶಯ ಕೈಕೊಟ್ಟಿದ್ದ 27 ಮಹಿಳೆಯರು ಒಪ್ಪಿ ಬಂದರು. ಲ್ಯಾಪರೊಸ್ಕೋಪಿಯಿಂದ ಅಂಡಾಶಯ ಹೊರತೆಗೆದು ಪಟ್ಟಿಪಟ್ಟಿಯಾಗಿ ಕತ್ತರಿಸಿದರು. 13 ಮಂದಿಯ ಪಟ್ಟಿಗಳಲ್ಲಿ ಇನ್ನೂ ಫಾಲಿಕಲ್‌ಗಳು ಉಳಿದಿದ್ದವು. ಅವನ್ನು ಒಂದೆರಡು ಮಿಲಿಮೀಟರಿನ ಚೂರುಗಳಾಗಿ ಹೆಚ್ಚಿ, ಆ್ಯಕ್ಟನ್ನು ಕೆರಳಿಸುವ ರಾಸಾಯನಿಕಗಳಲ್ಲಿ ಎರಡು ದಿನ ಇಟ್ಟು, ಫಾಲೋಪಿಯನ್ ನಾಳದ ಮೇಲ್ಪೊರೆಯಡಿ ಮತ್ತೆ ನೆಟ್ಟರು. ಎಂಟು ಮಂದಿಯಲ್ಲಿ ಫಾಲಿಕಲ್ ಬೆಳೆಯಿತು, ಐವರಲ್ಲಿ ಬಲಿತ ಅಂಡಾಣು ದೊರೆಯಿತು. 2013ರಲ್ಲಿ ವರದಿ ಪ್ರಕಟವಾಗುವಾಗ ಒಂದು ಆರೋಗ್ಯವಂತ ಮಗು ಹುಟ್ಟಿತ್ತು.

ಒಂದು ಮಗು. ಆ ತಾಯಿಗೆ ಅದು ಸರ್ವಸ್ವ, ಅದರಲ್ಲಿ ಎರಡು ಮಾತಿಲ್ಲ. ಆದರೆ 27ರಲ್ಲಿ ಒಂದು ಎಂಬುದನ್ನು ಚಿಕಿತ್ಸೆ ಎನ್ನಲಾಗದು, ದಾರಿ ತೋರಿಸಿದ ಪ್ರಯೋಗ ಎನ್ನಬೇಕು. ಆಮೇಲೆ ಬೇರೆ ದೇಶಗಳಲ್ಲೂ ಬೆರಳೆಣಿಕೆಯ ಮಕ್ಕಳು ಹುಟ್ಟಿದರು. ರಾಸಾಯನಿಕ ಬಿಟ್ಟು ಬರೀ ಕತ್ತರಿಸುವ ವಿಧಾನವೂ ಬಂತು; ಅಂಡಾಣು ಕಡಿಮೆಯಿರುವವರಲ್ಲಿ ಅದನ್ನು ಸ್ಪೇನಿನ ವೈದ್ಯರು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದಾಗ ಐವಿಎಫ್ ಫಲಿತಾಂಶ ಸುಧಾರಿಸಲಿಲ್ಲ. ಇನ್ನೊಂದು ತೊಡಕೂ ಇದೆ. ಆ್ಯಕ್ಟ್ ಚುರುಕಾಗುವುದು, ಪಿಟೆನ್ ಕೈಬಿಡುವುದು ಕ್ಯಾನ್ಸರ್ ಗಡ್ಡೆಗಳಲ್ಲೂ ಕಾಣುವ ಸಂಗತಿ. ಎರಡು ದಿನದ ಕೆರಳಿಕೆ ಹುಟ್ಟುವ ಮಗುವಿಗೆ ಕೆಡುಕು ಮಾಡದು ಎನ್ನಲು ಇನ್ನೂ ಹೆಚ್ಚು ಮಕ್ಕಳನ್ನು ಹೆಚ್ಚು ವರ್ಷ ಗಮನಿಸಬೇಕು.

ನನ್ನನ್ನು ಕೇಳಿದರೆ, ಈ ವಿಜ್ಞಾನದಿಂದ ನಾಳೆ ಹೆಚ್ಚು ಉಪಕಾರವಾಗುವುದು ಎಬ್ಬಿಸುವುದರಿಂದಲ್ಲ, ಏಳದಂತೆ ತಡೆಯುವುದರಿಂದ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಸೈಕ್ಲೋಫಾಸ್ಫಮೈಡಿನಂಥ ಔಷಧಿ ಅಂಡಾಶಯಕ್ಕೆ ಎರಡು ರೀತಿ ಪೆಟ್ಟು ಕೊಡುತ್ತದೆ. ಮಲಗಿರುವ ಅಂಡಾಣುವಿನ ಡಿಎನ್‌ಎ ಒಡೆದಾಗ ಪಿ63 ಎಂಬ ಪ್ರೋಟೀನು ಅದನ್ನು ಸಾಯಿಸುತ್ತದೆ. ಕೆಟ್ಟ ಬೀಜ ಮುಂದಿನ ಪೀಳಿಗೆಗೆ ಹೋಗದಂತೆ ಇದೊಂದು ಕಾವಲು. ಎರಡನೆಯದು ಹೆಚ್ಚು ಕುತೂಹಲದ್ದು. ಬೆಳೆಯುತ್ತಿರುವ ಸಣ್ಣ ಫಾಲಿಕಲ್‌ಗಳು ಎಎಂಎಚ್ ಎಂಬ ಹಾರ್ಮೋನು ಸುರಿಸಿ ಮಲಗಿರುವವನ್ನು ಏಳದಂತೆ ತಡೆದಿರುತ್ತವೆ. ಎಎಂಎಚ್ ಇಲ್ಲದ ಇಲಿಯಲ್ಲಿ ದಾಸ್ತಾನು ಬೇಗ ಬರಿದಾಗುವುದನ್ನು 1999ರಲ್ಲೇ ಡಚ್ ಸಂಶೋಧಕರು ಕಂಡಿದ್ದರು. ಕೀಮೋ ಬೆಳೆಯುತ್ತಿರುವವನ್ನು ಕೊಂದಾಗ ಈ ತಡೆ ಹೋಗಿ ಮಲಗಿದ್ದವು ಗುಂಪುಗುಂಪಾಗಿ ಏಳುತ್ತವೆ, ಮುಂದಿನ ಸುತ್ತಿನ ಕೀಮೋಗೆ ತಾವೇ ತುತ್ತಾಗುತ್ತವೆ. 2013ರಲ್ಲಿ ಇಸ್ರೇಲಿನ ಡ್ರೋರ್ ಮೈರೊ ತಂಡ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ಕೀಮೋ ಮುಗಿಯುವವರೆಗೆ ಈ ಏಳುವಿಕೆಯನ್ನು ತಡೆದಿಡುವ ಔಷಧಿಯ ಹುಡುಕಾಟ ನಡೆದಿದೆ.

ಅಲ್ಲಿಯವರೆಗೆ ಕೈಯಲ್ಲಿರುವ ಉಪಾಯವೆಂದರೆ ಕೀಮೋಗೆ ಮೊದಲೇ ಅಂಡಾಣುಗಳನ್ನೋ ಅಂಡಾಶಯದ ಹೊರಪದರದ ಪಟ್ಟಿಗಳನ್ನೋ ತೆಗೆದು ಶೈತ್ಯದಲ್ಲಿಡುವುದು. ಹಾಗೆ ಇಟ್ಟ ಪಟ್ಟಿಯನ್ನು ಮತ್ತೆ ನೆಟ್ಟು 2004ರಲ್ಲಿ ಬ್ರಸೆಲ್ಸಿನ ಜಾಕ್ ಡೊನ್ನೆ ಮೊದಲ ಮಗುವಿನ ಜನನವನ್ನು ವರದಿ ಮಾಡಿದರು. ಈಗ ಜಗತ್ತಿನಲ್ಲಿ ಅಂಥ ಮಕ್ಕಳ ಸಂಖ್ಯೆ ಇನ್ನೂರನ್ನು ದಾಟಿದೆ. ಮೈನೆರೆಯದ ಹುಡುಗಿಯರಿಗೆ ಇದೊಂದೇ ದಾರಿ, ಅವರಲ್ಲಿ ಬಲಿತ ಅಂಡಾಣು ಇರುವುದಿಲ್ಲವಲ್ಲ. ಮಗಳಿಗೆ ಕ್ಯಾನ್ಸರ್ ಎಂದು ಗೊತ್ತಾದ ವಾರ ಯಾವ ತಂದೆತಾಯಿಗೂ ಮೊಮ್ಮಕ್ಕಳ ಯೋಚನೆ ಬರುವುದಿಲ್ಲ. ಅದನ್ನು ನೆನಪಿಸಬೇಕಾದವರು ವೈದ್ಯರು. ಅವರು ಮರೆತರೆ ಮನೆಯವರು ಮೊದಲ ಕೀಮೋಗೆ ಮುಂಚೆಯೇ ಬಾಯಿಬಿಟ್ಟು ಕೇಳಬೇಕು.

ಎಣಿಕೆಯ ಜೊತೆಗೆ ಗುಣದ ಪ್ರಶ್ನೆಯೂ ಇದೆ. ಅಂಡಾಣು ಹುಟ್ಟಿಗೆ ಮೊದಲೇ ವಿಭಜನೆಯ ಅರ್ಧದಾರಿಯಲ್ಲಿ ನಿಂತಿರುತ್ತದೆ. ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಟ್ಟ ಪ್ರೋಟೀನುಗಳು ದಶಕಗಳಲ್ಲಿ ಸಡಿಲವಾಗುತ್ತವೆ. ಮೂವತ್ತೈದರ ನಂತರ ಗರ್ಭಪಾತ ಹೆಚ್ಚುವುದಕ್ಕೆ ಮುಖ್ಯ ಕಾರಣ ಇದು, ದಾಸ್ತಾನಿನ ಕೊರತೆಯಲ್ಲ. 2021ರಲ್ಲಿ ಸುಮಾರು ಎರಡು ಲಕ್ಷ ಮಹಿಳೆಯರ ಜೀನುಗಳನ್ನು ಹೋಲಿಸಿದ ಅಧ್ಯಯನ, ಮುಟ್ಟು ನಿಲ್ಲುವ ವಯಸ್ಸಿಗೆ ತಳಕು ಹಾಕಿಕೊಂಡ 290 ತಾಣಗಳನ್ನು ಗುರುತಿಸಿತು. ಅವುಗಳಲ್ಲಿ ಬಹಳಷ್ಟು ಡಿಎನ್‌ಎ ರಿಪೇರಿಗೆ ಸಂಬಂಧಿಸಿದವು. ಧೂಮಪಾನ ಮಾಡುವವರಲ್ಲಿ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ ಎಂಬುದೂ ಇದಕ್ಕೆ ಹೊಂದುತ್ತದೆ.

ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47; ಪಶ್ಚಿಮದ ದೇಶಗಳಲ್ಲಿ 51. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸಂಶೋಧಕರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಜಾಲಿಸಿ, ನಲವತ್ತರೊಳಗೆ ಮುಟ್ಟು ನಿಂತವರು ನಾವು ಅಂದುಕೊಂಡಷ್ಟು ಅಪರೂಪವಲ್ಲ ಎಂದು 2005ರಲ್ಲೇ ಗಮನಕ್ಕೆ ತಂದಿದ್ದರು. ಹೊಲಗೆಲಸದ, ಓದು ಕಾಣದ ಹೆಂಗಸರಲ್ಲಿ ಈ ಸಮಸ್ಯೆ ಹೆಚ್ಚು. ಆದರೆ ಸಂತಾನ ಚಿಕಿತ್ಸೆಯ ಜಾಹೀರಾತುಗಳು ಕರೆಯುವುದು ನಗರದ, ಸಂಬಳದ ಹೆಣ್ಣುಮಕ್ಕಳನ್ನು. ಹೊಲದಲ್ಲಿ ದುಡಿಯುವವಳಿಗೆ ಮೂವತ್ತೆಂಟಕ್ಕೆ ಮುಟ್ಟು ನಿಂತರೆ ‘ಪೀಡೆ ಕಳೀತು’ ಎಂದು ಸುಮ್ಮನಾಗುತ್ತಾರೆ. ಮೂಳೆ ಸವೆತ, ಹೃದಯದ ತೊಂದರೆ ಬೇಗ ಬರದಂತೆ ಆಕೆಗೆ ಸುಮಾರು ಐವತ್ತರವರೆಗೆ ಹಾರ್ಮೋನು ಬೇಕಾಗುತ್ತದೆಂದು ಹೇಳುವವರಿಲ್ಲ.

ಈಗ ವ್ಯಾಪಾರದ ಮಾತು. ಎಎಂಎಚ್ ಪರೀಕ್ಷೆ ಇಂದು ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲೂ ಸೇರಿಕೊಂಡಿದೆ. ಮದುವೆಯಾಗದ ಇಪ್ಪತ್ತೆಂಟರ ಹುಡುಗಿಯ ಕೈಗೆ ‘ಕಡಿಮೆ’ ಎಂಬ ವರದಿ ಬಂದರೆ ಮನೆಯೆಲ್ಲ ಸೂತಕ. ಐವಿಎಫ್‌ನಲ್ಲಿ ಎಷ್ಟು ಅಂಡಾಣು ಸಿಗಬಹುದು ಎಂದು ಅಂದಾಜಿಸಲು ಆ ಪರೀಕ್ಷೆ ಒಳ್ಳೆಯದು. ಆದರೆ ಸಹಜವಾಗಿ ಗರ್ಭ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಅಮೆರಿಕದಲ್ಲಿ ಆ್ಯನ್ ಸ್ಟೈನರ್ ತಂಡ 30ರಿಂದ 44 ವಯಸ್ಸಿನ, ಮಗುವಿಗಾಗಿ ಪ್ರಯತ್ನಿಸುತ್ತಿದ್ದ ಸುಮಾರು 750 ಮಹಿಳೆಯರನ್ನು ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿದೆ: ಎಎಂಎಚ್ ಕಡಿಮೆಯಿದ್ದವರೂ ಉಳಿದವರಷ್ಟೇ ಬಸುರಾದರು. ತಿಂಗಳಿಗೆ ಬೇಕಾದದ್ದು ಒಂದೇ ಅಂಡಾಣು ತಾನೆ.

ವರದಿಯಲ್ಲಿ ‘ಕಡಿಮೆ’ ಎಂದು ಬಂದವರಿಗೆ ಮುಂದಿನ ಬಾಗಿಲು ‘ಅಂಡಾಶಯಕ್ಕೆ ಮರುಯೌವನ’. ರೋಗಿಯದೇ ರಕ್ತದಿಂದ ಪ್ಲೇಟ್‌ಲೆಟ್ ಸಾರ ತೆಗೆದು ಅಂಡಾಶಯಕ್ಕೆ ಚುಚ್ಚುವ ಪಿಆರ್‌ಪಿ, ಅದಕ್ಕೆ ಕಾಂಡಕೋಶದ ಹೆಸರು ಸೇರಿಸಿದ ಇನ್ನೂ ದುಬಾರಿ ಪ್ಯಾಕೇಜುಗಳು. ಮಲಗಿದ್ದವನ್ನು ಎಬ್ಬಿಸುತ್ತೇವೆ ಎಂಬುದು ಮಾರುವವರ ಮಾತು. ಗುಂಪುಗಳನ್ನು ಹೋಲಿಸಿ ನಡೆಸಿದ ಪರೀಕ್ಷೆಗಳಲ್ಲಿ ಪಿಆರ್‌ಪಿಯಿಂದ ಹೆಚ್ಚು ಮಕ್ಕಳು ಹುಟ್ಟಿದ್ದು ಸಾಬೀತಾಗಿಲ್ಲ. ಒಂದು ವೇಳೆ ನಿಜಕ್ಕೂ ಎಬ್ಬಿಸಿದರೆ, ಉಳಿದ ನಾಲ್ಕು ಕಾಳೂ ಒಮ್ಮೆಗೇ ಖರ್ಚಾಗುವ ಅಪಾಯವಿದೆಯಲ್ಲ ಎಂಬ ಪ್ರಶ್ನೆಯನ್ನು ಜಾಹೀರಾತು ಎತ್ತುವುದಿಲ್ಲ. 2021ರ ಸಹಾಯಿತ ಸಂತಾನೋತ್ಪತ್ತಿ ಕಾಯ್ದೆ ಅಂಡಾಣು ದಾನಿಯ ವಯಸ್ಸು 23–35 ಇರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬೇಕು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯಬಾರದು ಎಂದು ಬಿಗಿ ಮಾಡಿದೆ. ಅಷ್ಟು ಕಟ್ಟುನಿಟ್ಟು ಈ ಚುಚ್ಚುಮದ್ದುಗಳ ಮಾರಾಟದಲ್ಲಿ ಕಾಣುವುದಿಲ್ಲ.

ಮೂವತ್ತೈದರೊಳಗಿನವರು ಒಂದು ವರ್ಷ, ಮೂವತ್ತೈದು ದಾಟಿದವರು ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಗಂಡಹೆಂಡತಿ ಇಬ್ಬರೂ ತಜ್ಞರನ್ನು ಕಾಣಬೇಕು. ತಡ ಮಾಡಿ ಪ್ರಯೋಜನವಿಲ್ಲ. ಅಲ್ಲಿ ಯಾರಾದರೂ ಅಂಡಾಶಯಕ್ಕೆ ಮರುಯೌವನ ಕೊಡುತ್ತೇವೆ ಎಂದರೆ, ಇದು ಚಿಕಿತ್ಸೆಯೋ ಪ್ರಯೋಗವೋ ಎಂದು ಕೇಳಿ. ಪ್ರಯೋಗವಾದರೆ ಅದರ ಖರ್ಚನ್ನು ರೋಗಿಯಿಂದ ವಸೂಲಿ ಮಾಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೀತಿಸೂತ್ರ ಹೇಳುತ್ತದೆ. ಅಂಥ ಪ್ರಯೋಗ ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ–ಇಂಡಿಯಾ’ದಲ್ಲಿ ನೋಂದಣಿಯಾಗಿರಬೇಕು. ಆ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ, ನೋಡಲು ದುಡ್ಡು ಕೊಡಬೇಕಿಲ್ಲ.